ಹುಡುಗಿ ಕಡೆಯವರು

ರಾಜಾಜಿನಗರದ ಆ ಸಮುದಾಯ ಭವನಕ್ಕೆ ಇನ್ನೂ ಎರಡು ರಸ್ತೆ ಇರುವಾಗಲೇ ಭೈರೇಶ್ ಸ್ಕೂಟರ್ ನಿಲ್ಲಿಸಿದ, ಆದರೆ ಹೆಲ್ಮೆಟ್ ತೆಗೆಯಲಿಲ್ಲ. ಹೆಲ್ಮೆಟ್ಟಿನೊಳಗೆ ಮಾಸ್ಕು ಇತ್ತು, ಮಾಸ್ಕಿನೊಳಗೆ ಬೆವರು. ಉಸಿರಿಗೆ ಮಂಜು ಕವಿಯುತ್ತಿದ್ದ ಕನ್ನಡಕ ಜೇಬು ಸೇರಿತ್ತು. ಹೀಗೆ ಮುಖವೂ ಕಾಣದ, ಕಣ್ಣೂ ಸರಿಯಾಗಿ ಕಾಣದ ಐವತ್ತೆಂಟರ ಗಂಡಸೊಬ್ಬ ಭಾನುವಾರದ ಬಿಸಿಲಲ್ಲಿ ಹೆಲ್ಮೆಟ್ ತೊಟ್ಟು ನಡೆದು ಹೋದರೆ ಯಾರೂ ಗಮನಿಸುವುದಿಲ್ಲವೆಂದು ಅವನು ನಂಬಿದ್ದ. ಎಲ್ಲರೂ ಗಮನಿಸಿದರು. ಹೂವಿನವಳು ಕಟ್ಟುವುದನ್ನು ಬಿಟ್ಟು ನೋಡಿದಳು. ಒಂದು ನಾಯಿ ತಿರುವಿನ ತನಕ ಬೊಗಳಿ ಬೀಳ್ಕೊಟ್ಟಿತು. ನೋಡಲಿ, ಹುಚ್ಚ ಎಂದುಕೊಳ್ಳಲಿ, ಭೈರೇಶ್ ಎಂದುಕೊಳ್ಳದಿದ್ದರೆ ಸಾಕು. ಶ್ರೀಗಂಧದ ಕಾವಲ್‌ನಲ್ಲಿ ಅಪ್ಪನ ಕಾಲದ ಜಮೀನೆಲ್ಲ ಲೇಔಟಾದ ಮೇಲೆ ನೆಂಟರು ಕ್ರಾಸಿಗೊಬ್ಬರಂತೆ ಹಂಚಿಹೋಗಿದ್ದರು. ಅವನು ಮಾಗಡಿ ರೋಡಿನಲ್ಲಿ ಒಂದು ಸಲ ಸೀನಿದರೆ ಸಂಜೆಯೊಳಗೆ ಯಾರಾದರೂ ಕಷಾಯ ಮಾಡುವ ವಿಧಾನ ಕಳಿಸುತ್ತಿದ್ದರು. ಅಂಥ ಕಡೆ ಒಂದು ಗುಟ್ಟನ್ನು ಯುಗಾದಿಯಿಂದ ದೀಪಾವಳಿಯ ತನಕ ಹೊತ್ತು ತಿರುಗಿದ್ದು ಸಣ್ಣ ಸಾಧನೆಯಲ್ಲ. ಹೆಂಡತಿ ಜಯದೇವಿಗೆ, ಯಾವನೋ ಬಿಲ್ಡರನ್ನು ನೋಡಿಬರುತ್ತೇನೆಂದು ಹೇಳಿ ಹೊರಟಿದ್ದ. ಅವಳು "ಭಾನ್ವಾರಾನಾ?" ಎಂದಷ್ಟೇ ಕೇಳಿ, ಮಡಿಸಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದ್ದಳು. ಈಚೆಗೆ ಅವಳು ಮಡಿಸಿದ್ದನ್ನೇ ಮಡಿಸುತ್ತಿದ್ದಳು.

ಯುಗಾದಿಯಾದ ಮರುವಾರವೇ ಅಲ್ಲವೇ ಅದು ಆದದ್ದು. ಮುದ್ದೆ, ಉಪ್ಸಾರು, ಪಕ್ಕದಲ್ಲಿ ಕರಿದ ಹಪ್ಪಳ. ಕೀರ್ತನಾ ಒಂದು ತುತ್ತು ಮುರಿದು, ಅದನ್ನು ಸಾರಿನಲ್ಲಿ ಅದ್ದದೆ ಹಾಗೇ ಬೆರಳಲ್ಲಿ ಹಿಡಿದು, "ಅಪ್ಪಾ, ನಾನೂ ರಮ್ಯನೂ ಬರೀ ಫ್ರೆಂಡ್ಸ್ ಅಲ್ಲ" ಅಂದಿದ್ದಳು. "ನಾವಿಬ್ರೂ ಜೊತೇಲಿ ಬಾಳ್ಬೇಕು ಅಂತಿದೀವಿ. ಗಂಡ ಹೆಂಡ್ತಿ ಬಾಳ್ತಾರಲ್ಲ, ಹಂಗೆ." ಜಯದೇವಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಗುಲಿ ಟಣ್ ಎಂದಿತು. ಆಗ ಎಲ್ಲರೂ ಅವನ ಕಡೆ ನೋಡಿದರು. ಎಲ್ಲರೂ ಎಂದರೆ ಇಬ್ಬರೇ, ಆದರೆ ಮನೆಯ ಗೋಡೆ ಬಾಗಿಲುಗಳೂ ನೋಡಿದಂತಾಯಿತು. ಮೂವತ್ತು ವರ್ಷ ಸಿಮೆಂಟು ಕಬ್ಬಿಣದ ಅಂಗಡಿ ನಡೆಸಿ, ಎಂಥೆಂಥ ಕಂಟ್ರಾಕ್ಟರುಗಳ ಜೊತೆ ಮಾತಿಗೆ ಮಾತು ಕೊಟ್ಟವನ ಬಾಯಿಂದ ಬಂದದ್ದು: "ಫ್ಯಾನ್ ಸ್ವಲ್ಪ ಜಾಸ್ತಿ ಮಾಡು." ಕೀರ್ತನಾ ಎದ್ದಳು. ಎಂಜಲು ಕೈಯನ್ನು ಹಿಂದಕ್ಕೆ ಮಡಚಿ, ಎಡಗೈಯಿಂದ ರೆಗ್ಯುಲೇಟರ್ ತಿರುಗಿಸಿದಳು. ಹಪ್ಪಳ ತಟ್ಟೆಯಿಂದ ಹಾರಿ ನೆಲಕ್ಕೆ ಬಿತ್ತು. ಅವಳು ಹಾಗೆ ವಿಧೇಯಳಾಗಿ ಎದ್ದದ್ದೇ ಅವನನ್ನು ಈಗಲೂ ಸುಡುತ್ತಿತ್ತು. ಕೂಗಾಡಿದ್ದರೆ, ತಟ್ಟೆ ಎಸೆದಿದ್ದರೆ, ಅವನೂ ಅಪ್ಪನಂತೆ ಏನಾದರೂ ಮಾಡಬಹುದಿತ್ತು. ಆ ತಿಂಗಳೇ ಅವಳು ಕೆಂಗೇರಿ ಉಪನಗರದಲ್ಲಿ ರಮ್ಯಳ ಜೊತೆ ಮನೆ ಮಾಡಿದಳು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಮಳೆ ಬಂತಾ, ಸ್ಕೂಟರ್ ಸರ್ವಿಸಿಗೆ ಬಿಟ್ಯಾ ಎಂದು. ಸಂಸಾರದ ಮಾತೆಲ್ಲ ಮಳೆ ಮತ್ತು ಸ್ಕೂಟರಿನ ನಡುವೆ ಉಳಿದುಕೊಂಡಿತ್ತು. ಅದರಲ್ಲೂ ರಮ್ಯ! ಅವನ ಹಿಡಿದುಕೊಂಡ ಭುಜವನ್ನು ತಿಂಗಳುಗಟ್ಟಲೆ ತಿದ್ದಿದ ಫಿಸಿಯೋಥೆರಪಿಯ ಹುಡುಗಿ. "ಗೋಡೆ ಮೇಲೆ ಬೆರಳು ಹತ್ತಿಸಿ ಅಂಕಲ್, ಇರುವೆ ಹತ್ತೋ ಹಾಗೆ" ಎನ್ನುತ್ತಿದ್ದಳು. ನೆಂಟರಿಷ್ಟರ ಮುಂದೆಲ್ಲ ಅವನು, ಇಂಥ ಸ್ನೇಹಿತೆ ಸಿಗೋಕೆ ನನ್ನ ಮಗಳು ಪುಣ್ಯ ಮಾಡಿದ್ಲು ಎಂದು ಕೊಂಡಾಡಿದ್ದ. ತಾನೇ ಪ್ರಚಾರ ಮಾಡಿದ ಹಾಗಾಯಿತಲ್ಲ ಎಂದು ಆಮೇಲೆ ರಾತ್ರಿಯೆಲ್ಲ ಹೊರಳಿದ್ದ.

ಇಂಥ ಮಕ್ಕಳ ತಂದೆತಾಯಂದಿರಿಗೊಂದು ಕೂಟ ಇದೆ, ಭಾನುವಾರ ಸೇರುತ್ತಾರೆ, ನಾನೂ ಇರ್ತೀನಿ, ಬಂದ್ರೆ ಬಾ ಎಂದು ಕೀರ್ತನಾ ಹೇಳಿದ್ದಳು. ಬರದಿದ್ದರೂ ಪರವಾಗಿಲ್ಲ ಎಂದೂ ಹೇಳಿದ್ದಳು. ಆ ಎರಡನೆಯದಕ್ಕೇ ಅವನು ಹೊರಟುಬಂದದ್ದು.

ಗೇಟಿನಲ್ಲಿ ಸೆಕ್ಯೂರಿಟಿಯವನು ಹೆಲ್ಮೆಟ್ಟಿನೊಳಕ್ಕೆ ಬಗ್ಗಿ ನೋಡಿ, "ಮಕ್ಕಳ ವಿಷ್ಯಕ್ಕೆ ಬಂದ್ರಾ ಸಾರ್?" ಎಂದು ಕೇಳಿದ. ಎಷ್ಟು ನಯವಾಗಿ ಕೇಳಿದ! ಭೈರೇಶ್ ತಲೆಯಾಡಿಸಿದ. "ಮೇಲ್ಗಡೆ ಹೋಗಿ, ಫಸ್ಟ್ ಫ್ಲೋರು." ಬೋರ್ಡುಗಳನ್ನು ಓದಿದರೆ ಯಾರಾದರೂ ತಾನು ಓದುವುದನ್ನು ಓದಿಯಾರೆಂದು ಅವನು ತಲೆ ತಗ್ಗಿಸಿಯೇ ಮೆಟ್ಟಿಲು ಹತ್ತಿದ. ಬಾಗಿಲಲ್ಲೊಂದು ಮೇಜು, ಹಿಂದೆ ರೇಷ್ಮೆ ಸೀರೆಯ ಹೆಂಗಸು. "ಹೆಲ್ಮೆಟ್ ತೆಗೀರಿ ಸಾರ್, ನಮ್ಮೋರ ಹತ್ರ ಏನು ಸಂಕೋಚ" ಎಂದು ನಕ್ಕಳು. ನಮ್ಮೋರು ಎಂಬ ಮಾತು ಕೇಳಿದ್ದೇ ಅವನು ಗಲ್ಲದ ಪಟ್ಟಿ ಬಿಚ್ಚಿದ. ಹೆಲ್ಮೆಟ್ ಬಂತು, ಮಾಸ್ಕೂ ಬಂತು. "ಹುಡುಗನ ಕಡೆಯೋ, ಹುಡುಗಿ ಕಡೆಯೋ?" ಎಂದಳು. "ಹುಡುಗಿ" ಎಂದ ಸಣ್ಣಗೆ. ಆಕೆ ಎದ್ದೇ ನಿಂತಳು. "ರೀ, ಹುಡುಗಿ ಕಡೆಯವರು ಬಂದ್ರು ನೋಡ್ರಿ! ಮುಂದ್ಗಡೆ ಕೂರಿಸಿ!" ಅವನ ಅಂಗಿಗೆ ಗುಲಾಬಿ ರಿಬ್ಬನ್ ಚುಚ್ಚಿದರು, ಕೈಗೆ ಕೇಸರಿಬಾತಿನ ತಟ್ಟೆ ಕೊಟ್ಟರು, ಮದುಮಗನನ್ನು ನಡೆಸಿಕೊಂಡು ಹೋಗುವಂತೆ ಮುಂದಿನ ಸಾಲಿಗೆ ಕರೆದೊಯ್ದರು.

ಕೂತು ಹಿಂತಿರುಗಿ ನೋಡಿದವನಿಗೆ ಕಂಡದ್ದು ತುಂಬಿದ ಹಾಲ್. ಇಷ್ಟು ಜನ! ಪಂಚೆ ಉಟ್ಟವರು, ಸಫಾರಿಯವರು, ಕೊರಳ ತುಂಬ ಚಿನ್ನ ಹೇರಿಕೊಂಡ ತಾಯಂದಿರು, ಊರುಗೋಲಿನ ಅಜ್ಜಂದಿರು ಕೂಡ. ಎಲ್ಲರ ಎದೆಯ ಮೇಲೂ ನೀಲಿ ರಿಬ್ಬನ್, ನಡುವೆ ಅಲ್ಲೊಂದು ಇಲ್ಲೊಂದು ಗುಲಾಬಿ. ಹಾಗಾದರೆ ಗಂಡುಹುಡುಗರಲ್ಲೇ ಇದು ಹೆಚ್ಚು ಎಂದು ಅವನು ಲೆಕ್ಕ ಹಾಕಿದ. ತಾನೊಬ್ಬನೇ, ತನ್ನ ಮನೆಯೊಂದೇ ಎಂದು ಇಷ್ಟು ದಿನ ನಡುಮನೆಯ ಕಿಟಕಿ ಮುಚ್ಚಿಕೊಂಡು ಕೂತದ್ದು ಎಂಥ ಅಹಂಕಾರ! ಪಶ್ಚಿಮ ಬೆಂಗಳೂರು ಪೂರ್ತಿ ಇದೇ ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೇಸರಿಬಾತು ತಿನ್ನುತ್ತಿದೆ. ಅದರಲ್ಲಿ ದ್ರಾಕ್ಷಿ ಗೋಡಂಬಿ ಧಾರಾಳವಾಗಿತ್ತು. ವೇದಿಕೆಯ ಮೇಲಿನ ಬ್ಯಾನರು ಕನ್ನಡಕವಿಲ್ಲದ ಅವನ ಕಣ್ಣಿಗೆ ಒಂದು ಬಣ್ಣದ ಮೋಡ. ಅದರ ಅರ್ಧವನ್ನು ದೊಡ್ಡ ಸ್ಪೀಕರು ಬೇರೆ ಮುಚ್ಚಿತ್ತು. ಯಾರೋ ಹಿರಿಯರು ಭಾಷಣ ಮಾಡುತ್ತಿದ್ದರು: "ಏನನ್ನೂ ಮುಚ್ಚಿಡಬೇಡಿ! ಇರೋದನ್ನ ಇದ್ದಂಗೆ ಹೇಳಿ! ಕಾಲ ಬದಲಾಗಿದೆ, ಮೊದಲು ತಂದೆತಾಯಿ ಬದಲಾಗಬೇಕು!" ಭೈರೇಶ್ ತಟ್ಟೆಯನ್ನು ತೊಡೆಯ ಮೇಲಿಟ್ಟು ಚಪ್ಪಾಳೆ ತಟ್ಟಿದ. ಅವನ ಚಪ್ಪಾಳೆಯೇ ಎಲ್ಲರಿಗಿಂತ ಜೋರಾಗಿತ್ತು.

"ಏನೋ ಸಿಮೆಂಟು, ನೀನೂ ಬಂದ್ಯಾ?"

ಆ ದನಿಗೆ ಅವನ ಬೆನ್ನು ತಾನಾಗಿಯೇ ಬಾಗಿತು. ಮೋಹನ್ ಕುಮಾರ್. ಜಯದೇವಿಯ ಅಕ್ಕನ ಗಂಡ. ವಿಜಯನಗರದಲ್ಲಿ ಗ್ರಾನೈಟ್ ಹೊದೆಸಿದ ಮನೆ, ಗ್ರಾನೈಟಿನದೇ ವ್ಯಾಪಾರ. ಯಾವ ನಾಮಕರಣ, ಯಾವ ತಿಥಿಯಲ್ಲೇ ಆಗಲಿ ಅವನು ಭೈರೇಶನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಸಿಮೆಂಟು ಬಂತಾ, ಸಿಮೆಂಟಿಗೆ ಎಲೆ ಹಾಕಿ. ಇಪ್ಪತ್ತೈದು ವರ್ಷ ಅದಕ್ಕೆ ಹಲ್ಲು ಕಿರಿದು ಕಿರಿದು ಭೈರೇಶನ ಮುಖದಲ್ಲಿ ಅದಕ್ಕೆಂದೇ ಒಂದು ಗೆರೆ ಮೂಡಿತ್ತು. ಈಗ ಆ ಮೋಹನ್ ಕುಮಾರನ ಎದೆಯ ಮೇಲೆ ನೀಲಿ ರಿಬ್ಬನ್. ಅಂದರೆ ಅವನ ಮಗ ಸುಬ್ರಮಣಿ! ಜಿಮ್ಮಿಗೆ ಹೋಗಿ ಹೋಗಿ ತೋಳು ದಪ್ಪ ಮಾಡಿಕೊಂಡ, ಅಮ್ಮನ ಬರ್ತ್‌ಡೇಗೆ ತಾನೇ ಕೇಕ್ ಮಾಡಿದ ಸುಬ್ರಮಣಿ! ಒಂದು ಕ್ಷಣ ಭೈರೇಶನೊಳಗೆ ಏನೋ ಒಂದು ಕೆಟ್ಟ ಸಂತೋಷ ಮೀನಿನಂತೆ ನೆಗೆಯಿತು. ಮರುಕ್ಷಣ ನಾಚಿಕೆಯಾಯಿತು. ಅವನು ಮೋಹನ್ ಕುಮಾರನ ಉಂಗುರಗಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಣ್ಣಾ, ಸುಬ್ರಮಣಿ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ."

"ಯಾರತ್ರ ಹೇಳ್ಕೊಳ್ಳೋದೋ? ಮರ್ಯಾದೆ ಪ್ರಶ್ನೆ." ಮೋಹನ್ ಕುಮಾರ್ ಪಕ್ಕದ ಕುರ್ಚಿಯಲ್ಲಿ ಕುಸಿದ. "ಮೂರು ವರ್ಷದಿಂದ ಇದೇ ಗೋಳು ಕಣೋ. ನಿಮ್ಮತ್ಗೆ ಅಂತೂ ದೇವ್ರ ಮನೆ ಬಿಟ್ಟು ಈಚೆಗೇ ಬರಲ್ಲ."

"ಹುಡುಗನ ತಪ್ಪೇನಿಲ್ಲ ಬಿಡಿ ಅಣ್ಣ."

"ಅವನ ತಪ್ಪೇನಿದೆ? ಚಿನ್ನದಂಥ ಹುಡುಗ. ಕಾಲ ಹಂಗಿದೆ. ಈಗ ಯಾವ ಮನೆ ನೋಡು, ಇಂಥೋನೊಬ್ಬ ಕೂತಿರ್ತಾನೆ."

"ಯಾರನ್ನಾದ್ರೂ ಇಷ್ಟಪಟ್ಟಿದಾನಾ?"

"ಪಟ್ಟಿದ್ರೆ ಒಳ್ಳೇದಿತ್ತಲ್ಲೋ! ಕೈ ಮುಗ್ದು ಮನೆ ತುಂಬಿಸ್ಕೋತಿದ್ದೆ. ಮೊದ್ಲು ಜಾತಿ, ಜಾತ್ಕ, ಬಣ್ಣ ಅಂತ ಹಾರಾಡ್ದೆ ನಾನು. ಈಗ ಯಾರಾದ್ರೂ ಪರವಾಗಿಲ್ಲ ಅನ್ನೋ ಸ್ಟೇಜಿಗೆ ಬಂದಿದೀನಿ. ಯಾರಾದ್ರೂ!"

ಭೈರೇಶನ ಕಣ್ಣು ತೇವವಾಯಿತು. ಇವನನ್ನು ಎಂಥವನೆಂದುಕೊಂಡಿದ್ದೆ. ಗ್ರಾನೈಟಿನೊಳಗೆ ಇಷ್ಟು ಮೆತ್ತಗಿನ ಜೀವ. ಯಾರಾದರೂ ಪರವಾಗಿಲ್ಲ ಎನ್ನುತ್ತಿದೆ ಇದು, ತಾನು ಫ್ಯಾನ್ ಜಾಸ್ತಿ ಮಾಡು ಎಂದವನು. "ನಿಂಗೇನಪ್ಪ, ಹುಡುಗಿ" ಎಂದ ಮೋಹನ್ ಕುಮಾರ್ ಅವನ ಗುಲಾಬಿ ರಿಬ್ಬನ್ ಮುಟ್ಟಿ, "ಕೀರ್ತನಾಗೆ ಕ್ಯೂ ನಿಲ್ತಾರೆ ಬಿಡು." ಕ್ಯೂ ಎಂದರೇನೆಂದು ಭೈರೇಶನಿಗೆ ಹೊಳೆಯಲಿಲ್ಲ. ನೋವುಂಡವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನದ ಮಾತಿರಬೇಕು ಎಂದುಕೊಂಡ.

ಅಷ್ಟರಲ್ಲಿ ಮೈಕು ಕಿರ್ರೆಂದಿತು. ನಿರೂಪಣೆಯ ಕಿಟ್ಟಿ, ಮಿನುಗುವ ಕೋಟಿನ ಉತ್ಸಾಹಿ, "ಈಗ ಪರಿಚಯ ಕಾರ್ಯಕ್ರಮ! ಮೊದ್ಲು ಹುಡುಗಿ ಕಡೆಯವರು!" ಎಂದು ಕೂಗಿ ನೇರ ಮುಂದಿನ ಸಾಲಿಗೇ ಕೈ ಚಾಚಿದ. ಬೇರೆ ದಿನವಾಗಿದ್ದರೆ ಭೈರೇಶ್ ಕುರ್ಚಿಯ ಕೆಳಗೆ ಹೆಲ್ಮೆಟ್ ಹುಡುಕುವವನಂತೆ ಬಗ್ಗುತ್ತಿದ್ದ. ಆದರೆ ಬೆನ್ನ ಹಿಂದೆ ಒಂದು ಹಾಲ್ ತುಂಬ ಬಂಧುಗಳಿದ್ದರು. ಅವರ ಧೈರ್ಯ ಅವನ ಮೊಣಕಾಲಿಗೆ ಇಳಿದು ಅವನನ್ನು ಎಬ್ಬಿಸಿತು. ಮೆಟ್ಟಿಲು ಹತ್ತುವಾಗ ಎಡವಿದ. ಮೈಕು ಹಿಡಿದ ಮೇಲೆ, ಕೀರ್ತನಾ ಈ ಗುಂಪಿನಲ್ಲಿ ಎಲ್ಲೋ ಕೂತು ನೋಡುತ್ತಿದ್ದಾಳೆಂದುಕೊಂಡು ಅವನು ಆ ಮಸುಕು ಮುಖಗಳ ಕಡೆಗೆ ಮಾತಾಡಿದ.

"ನಮಸ್ಕಾರ. ನಾನು ಭೈರೇಶ್, ಶ್ರೀಗಂಧದ ಕಾವಲ್. ಸಿಮೆಂಟಿನ ಅಂಗಡಿ ಇದೆ. ಒಬ್ಬಳೇ ಮಗಳು, ಕೀರ್ತನಾ. ತುಂಬಾ ಒಳ್ಳೆ ಹುಡುಗಿ."

ಹಾಲ್ ಗುಡುಗುವಂತೆ ಚಪ್ಪಾಳೆ. ನೀಲಿ ರಿಬ್ಬನ್ನುಗಳು ಕುರ್ಚಿಯ ಅಂಚಿಗೆ ಸರಿದವು. ಅವನಿಗೆ ಹುಮ್ಮಸ್ಸು ಬಂತು.

"ಅವಳು ಬಂದು ಹೇಳ್ದಾಗ ನಾನು ಸರಿಯಾಗಿ ನಡ್ಕೊಳ್ಳಲಿಲ್ಲ. ಫ್ಯಾನ್ ಜಾಸ್ತಿ ಮಾಡು ಅಂದೆ." ಯಾರೋ ಅರ್ಥವಾಗದೆ ನಕ್ಕರು. "ಅದು ತಪ್ಪು. ಈಗ ನಿಮ್ಮನ್ನೆಲ್ಲ ನೋಡಿ ಧೈರ್ಯ ಬಂತು. ನನ್ನ ಮಗಳು ಒಬ್ಬ ಹುಡುಗೀನ ಇಷ್ಟಪಟ್ಟಿದಾಳೆ. ಇಬ್ರೂ ಜೊತೇಲಿ ಸಂಸಾರ ಮಾಡ್ತಿದಾರೆ. ನಿಮ್ಮೆಲ್ಲರ ಮಕ್ಕಳ ಹಂಗೇ."

ಚಪ್ಪಾಳೆ ಬರಲಿಲ್ಲ. ಹಾಲ್‌ನ ಕೊನೆಯಲ್ಲಿ ಒಂದು ಚಮಚ ತಟ್ಟೆಗೆ ಬಿದ್ದದ್ದು ಕೇಳಿಸಿತು. ಕಿಟ್ಟಿ ಮಿನುಗುತ್ತಾ ಓಡಿಬಂದು ಮೈಕಿಗೆ ಬಾಯಿ ತಂದ. "ಹೆಹ್ಹೆ! ಸಾರು ಟೆನ್ಷನ್ನಲ್ಲಿ ಹುಡುಗನ್ನ ಅನ್ನೋಕ್ಕೋಗಿ ಹುಡುಗೀನ ಅಂದ್ಬಿಟ್ರು! ಪರವಾಗಿಲ್ಲ, ಲವ್ವು ಗಿವ್ವು ಈಗ ಕಾಮನ್ನು. ಅದೆಲ್ಲ ಬ್ರೇಕಪ್ಪಾಗಿದೆ, ಅಲ್ವಾ ಸಾರ್? ನಕ್ಷತ್ರ ಹೇಳ್ಬಿಡಿ."

ನಕ್ಷತ್ರ? ಭೈರೇಶ್ ಸುಮ್ಮನೆ ಪಕ್ಕಕ್ಕೆ ತಿರುಗಿದ. ಬಣ್ಣದ ಮೋಡ ಈಗ ಮೊಳದ ದೂರದಲ್ಲಿತ್ತು. ಸ್ಪೀಕರಿನ ಹಿಂದೆ ಅವಿತಿದ್ದ ಅಕ್ಷರಗಳು ಇಲ್ಲಿಂದ ತಲೆಯಷ್ಟು ದೊಡ್ಡದಾಗಿ ಕಂಡವು: ವಧು-ವರರ ಸಮಾವೇಶ. ಎಲ್ಲ ಒಂದೊಂದಾಗಿ ಮಗುಚಿಕೊಂಡಿತು. ಗುಲಾಬಿ ರಿಬ್ಬನ್ ಮಗುಚಿತು, ಕೇಸರಿಬಾತು ಮಗುಚಿತು, ಕ್ಯೂ ಮಗುಚಿತು, ಮೂರು ವರ್ಷದಿಂದ ಹುಡುಗಿ ಸಿಗದ ಸುಬ್ರಮಣಿ ತನ್ನ ದಪ್ಪ ತೋಳುಗಳ ಸಮೇತ ಮಗುಚಿಬಿದ್ದ. ಒಂದು ನಿಮಿಷದ ಹಿಂದೆ ಇದ್ದ ಬಂಧುಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಆದರೆ ಕಿಟ್ಟಿ ಇನ್ನೂ ನಗುತ್ತ, ತಪ್ಪಿಸಿಕೊಳ್ಳುವ ಬಾಗಿಲನ್ನು ತೆರೆದೇ ಇಟ್ಟುಕೊಂಡು ನಿಂತಿದ್ದ. ಹುಡುಗನ್ನ, ಹುಡುಗೀನ, ನಾಲಿಗೆಯ ಒಂದು ಸಣ್ಣ ಜಾರಿಕೆ. ಹೌದು ಸಾರ್ ಎಂದು ಹಲ್ಲು ಕಿರಿದರೆ ಮುಗಿಯಿತು, ಆ ಗೆರೆ ಮುಖದಲ್ಲಿ ತಯಾರಾಗೇ ಇದೆ. ಮಗಳೂ ಇಲ್ಲಿಲ್ಲ, ಕೇಳಿಸಿಕೊಳ್ಳುವುದಿಲ್ಲ. ಹೌದಲ್ಲ, ಅವಳಿಲ್ಲ. ಅವಳಿಲ್ಲದ ಕಡೆ ತಾನು ಅವಳನ್ನು ಏನೆಂದು ಹೇಳುತ್ತೇನೆ ಎನ್ನುವುದು ಈಗ ಈ ಬಾಯಿಗೆ ಬಿಟ್ಟದ್ದು. ಅವನು ತಲೆಯೆತ್ತಿದ. ಮೇಲೆ ಹತ್ತಾರು ಫ್ಯಾನುಗಳಿದ್ದವು. ಎಲ್ಲವೂ ಆಗಲೇ ಪೂರ್ತಿ ಜೋರಿನಲ್ಲಿ ತಿರುಗುತ್ತಿದ್ದವು.

"ಇಲ್ಲಪ್ಪ," ಎಂದ ಮೈಕಿಗೆ. "ಹುಡುಗೀನೇ. ಬ್ರೇಕಪ್ಪೂ ಆಗಿಲ್ಲ. ಚೆನ್ನಾಗಿದಾರೆ." ಕೇಳಿದವರಿಗೆ ಉತ್ತರ ಕೊಡದೆ ಹೋಗುವುದು ಮರ್ಯಾದೆಯಲ್ಲವೆನಿಸಿ, "ನಕ್ಷತ್ರ ಪುಷ್ಯ" ಎಂದೂ ಸೇರಿಸಿದ.

ವೇದಿಕೆ ಇಳಿದು ಹೆಲ್ಮೆಟ್ ಎತ್ತಿಕೊಂಡು ನಡುವಿನ ದಾರಿಯಲ್ಲಿ ಹೋಗುವಾಗ ಎರಡೂ ಕಡೆ ಗುಜುಗುಜು. "ಏನಂದ್ರು?" "ಹುಡುಗಿ ಅಂತೆ." "ಹುಡುಗೀನೇ ಅಲ್ವಾ ನಮಗೆ ಬೇಕಾಗಿರೋದು?" "ಅಯ್ಯೋ, ಆ ಹುಡುಗಿಗೆ ಹುಡುಗಿ ಅಂತೆ ಅಜ್ಜೀ." "ಇಬ್ರೂ ಸಿಕ್ಕಿದಾರಾ?" ಬಾಗಿಲಲ್ಲಿ ಮೋಹನ್ ಕುಮಾರ್ ಅಡ್ಡ ನಿಂತ, ಮುಖ ಕುಂಕುಮದಂತಾಗಿತ್ತು. "ಏನೋ ಸಿಮೆಂಟು! ಮೈಕಲ್ಲಿ ಹೇಳೋ ವಿಷ್ಯಾನೇನೋ ಅದು? ನನ್ನ ಪಕ್ಕ ಕೂತಿದ್ದೆ ನೀನು! ಎಲ್ರೂ ನೋಡಿದಾರೆ. ಈಗ ನನ್ನ ಮಗನಿಗೆ ಯಾವಳು ಸಿಗ್ತಾಳೋ?" ಭೈರೇಶ್ ಅಭ್ಯಾಸದಂತೆ ಬೆನ್ನು ಬಗ್ಗಿಸಲು ನೋಡಿದ. ಅದು ಬಗ್ಗಲಿಲ್ಲ. "ನನ್ನ ಹೆಸರು ಭೈರೇಶ್ ಅಣ್ಣ" ಎಂದ. ಅಂದದ್ದು ತಾನೇ ಹೌದೋ ಅಲ್ಲವೋ ಎಂದು ಸಂಶಯಪಡುತ್ತ ಮೆಟ್ಟಿಲಿಗೆ ಬಂದ.

ಹಿಂದೆಯೇ ಬಳೆಗಳ ಸದ್ದು. "ಸಾರ್! ಸಾರ್, ಒಂದ್ನಿಮ್ಷ!" ನೀಲಿ ರಿಬ್ಬನ್ನಿನ ದಪ್ಪನೆಯ ಹೆಂಗಸೊಬ್ಬಳು ಏದುಸಿರು ಬಿಡುತ್ತ ಇಳಿದುಬಂದಳು. ಬೈಯುವುದಾದರೆ ಬೈದುಬಿಡಲಿ ಎಂದು ಭೈರೇಶ್ ಗೋಡೆಗೊರಗಿ ನಿಂತ. ಆಕೆ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ನಿಮಗೆ ಇನ್ನೊಬ್ಳು ಮಗಳಿಲ್ವಾ?"

"ಇಲ್ಲಮ್ಮ. ಒಬ್ಳೇ."

"ಛೆ." ಆಕೆ ನಿಜವಾಗಿ ನೊಂದುಕೊಂಡಳು. ಹೋಗಲೋ ಬೇಡವೋ ಎಂದು ಒಂದು ಮೆಟ್ಟಿಲು ಹತ್ತಿ, ಮತ್ತೆ ತಿರುಗಿದಳು. "ಆ ಇನ್ನೊಂದು ಹುಡುಗಿಗೆ ತಂಗಿ ಗಿಂಗಿ ಇದಾಳಾ?"

"ವಿಚಾರಿಸ್ತೀನಿ" ಎಂದ ಭೈರೇಶ್. ಅಷ್ಟೂ ಹೊತ್ತಿನಲ್ಲಿ ಅವನಿಗೆ ನಗು ಬಂದದ್ದು ಆಗಲೇ. ಕೆಳಗಿಳಿಯುವ ತನಕ ಹೆಲ್ಮೆಟ್ ತಬ್ಬಿಕೊಂಡು ಒಬ್ಬನೇ ನಕ್ಕ. ಸೆಕ್ಯೂರಿಟಿಯವನು ಅವನ ವಿವರಣೆ ಕೇಳಿ, "ಓ, ಆ ಪೇರೆಂಟ್ಸಾ? ಮೊದ್ಲೇ ಹೇಳ್ಬಾರ್ದಾ ಸಾರ್, ಹಿಂದ್ಗಡೆ ರೂಮು" ಎಂದು ಜನರೇಟರಿನ ಪಕ್ಕದ ಬಾಗಿಲು ತೋರಿಸಿದ.

ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ಒಂದು ಪುಟ್ಟ ವೃತ್ತ. ಇಷ್ಟೇ ಜನಾನಾ? ಅವನಿಗೆ ಪೆಚ್ಚೆನಿಸಿತು. ಮೇಲೆ ಆ ಮಹಾಸಾಗರ ಕಂಡು ಬಂದವನಿಗೆ ಇಲ್ಲಿ ನಾಲ್ಕೈದು ತಾಯಂದಿರು, ಗೋಡೆ ನೋಡುತ್ತ ಕೂತ ಒಬ್ಬ ತಂದೆ, ಮಗಳೆಂದು ಸಾಕಿದ ಮಗನ ಕೈಹಿಡಿದು ಕೂತ ಒಬ್ಬ ಅಜ್ಜಿ. ಕೇಸರಿಬಾತಿಲ್ಲ. ಕೂಟ ನಡೆಸುವ ಜಗದಾಂಬಾ, ಬಸವೇಶ್ವರನಗರದ ನಿವೃತ್ತ ಟೀಚರು, ಬನ್ನಿ ಎಂದು ಕುರ್ಚಿ ಎಳೆದರು. ಮೂಲೆಯಲ್ಲಿ ಟೀ ಬಗ್ಗಿಸುತ್ತಿದ್ದ ರಮ್ಯ ಅವನನ್ನು ಕಂಡು ಫ್ಲಾಸ್ಕ್ ಹಿಡಿದೇ ನಿಂತಳು. ಎದುರು ಕೂತಿದ್ದ ಕೀರ್ತನಾ ಅರ್ಧ ಎದ್ದು, ಮತ್ತೆ ಕೂತು, "ಲೇಟಾಯ್ತಲ್ಲಪ್ಪ" ಎಂದಳು. ಅವಳ ದನಿ ಮಳೆ-ಸ್ಕೂಟರಿನ ದನಿಯೇ ಆಗಿತ್ತು. "ದಾರಿ ತಪ್ಪಿತ್ತು" ಎಂದ. ಇದ್ದ ಮಾತನ್ನೆಲ್ಲ ಮೇಲೆ ಖರ್ಚು ಮಾಡಿ ಬಂದಿದ್ದ. ಮಹಾಲಕ್ಷ್ಮಿ ಲೇಔಟಿನಲ್ಲಿ ಜೊತೆಗಿದ್ದ ಇಬ್ಬರು ಹುಡುಗರಿಗೆ ಓನರು ಮನೆ ಖಾಲಿ ಮಾಡಿ ಎಂದಿದ್ದಾನಂತೆ, ಅಲ್ಲಿಗೆ ಹೋಗಿ ಮಾತಾಡುವವರು ಯಾರು ಎಂಬ ಚರ್ಚೆ ನಡೆದಿತ್ತು. "ಯಾರಾದ್ರೂ ಅಪ್ಪಂದಿರು ಹೋದ್ರೆ ಕೂರಿಸಿ ಮಾತಾಡ್ತಾರೆ" ಎಂದು ಜಗದಾಂಬಾ ಹೇಳುತ್ತಿದ್ದರು. ಗೋಡೆ ನೋಡುತ್ತಿದ್ದ ತಂದೆ ಇನ್ನಷ್ಟು ಗೋಡೆ ನೋಡಿದ. ಓನರನ ಹೆಸರು ಬೈರಯ್ಯ ಎಂದದ್ದು ಕೇಳಿ ಭೈರೇಶ್, "ಅವನ ಮನೆಗೆ ಸಿಮೆಂಟು ಹಾಕ್ದೋನೇ ನಾನು, ನಾನೋಗ್ತೀನಿ" ಎಂದುಬಿಟ್ಟ. ಕೀರ್ತನಾ ಅವನನ್ನು, ಯಾರೋ ಅಪರಿಚಿತನ ಗುರುತು ಹಿಡಿಯುವವಳಂತೆ ನೋಡಿದಳು.

ಆಗ ಫೋನು ಬಡಿದುಕೊಂಡಿತು. ಕಿವಿ ಮಂದವಾದಾಗಿನಿಂದ ಅವನು ಅದನ್ನು ಸ್ಪೀಕರಿನಲ್ಲೇ ಇಡುವುದು. ಆಫ್ ಮಾಡಹೋದ ಹೆಬ್ಬೆರಳು ಹಸಿರನ್ನು ಒತ್ತಿತು.

"ಏನ್ರೀ ಮಾಡ್ಬಂದ್ರಿ?" ಜಯದೇವಿಯ ದನಿ ವೃತ್ತದ ನಡುವೆ ಬಂದು ನಿಂತಿತು. "ಅಕ್ಕ ಫೋನ್ ಮಾಡಿ ಬಾಯಿಗ್ ಬಂದಂಗೆ ಬೈದ್ಳು. ವಧು-ವರರ ಸಮಾವೇಶದಲ್ಲಿ, ಅಷ್ಟು ಜನದ ಮುಂದೆ, ಮೈಕ್ ಹಿಡ್ಕೊಂಡು, ನಮ್ಮ ಕೀರ್ತನಾ ಒಬ್ಬ ಹುಡುಗೀನ ಇಷ್ಟಪಟ್ಟಿದಾಳೆ ಅಂದ್ರಂತೆ? ನಿಜಾನಾ?"

ಕೀರ್ತನಾಳ ಬಾಯಿ ತೆರೆದಿತ್ತು. ಭೈರೇಶ್ ಫೋನನ್ನು ದೇವರ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು "ಹೂಂ" ಎಂದ.

"ನಾನೂ ಬಿಡ್ಲಿಲ್ಲ ಅನ್ನಿ. ನನ್ನ ಮಗಳ ವಿಷ್ಯ ನಿಂಗ್ಯಾಕೆ ಅಂದೆ. ಇಷ್ಟು ವರ್ಷಕ್ಕೆ ಮೊದ್ಲನೇ ಸಲ ಅಕ್ಕಂಗೆ ತಿರುಗಿ ಅಂದೆ." ದನಿ ಒಡೆಯಿತು, ಮೂಗೆಳೆದ ಸದ್ದು, ಮತ್ತೆ ಗಟ್ಟಿಯಾಯಿತು. "ಅದ್ಸರಿ, ಒಬ್ಬ ಹುಡುಗಿ ಅಂದ್ರಂತಲ್ಲ, ಅದೇನ್ರೀ ಒಬ್ಬ ಹುಡುಗಿ? ಆ ಮಗೂಗೆ ಹೆಸ್ರಿಲ್ವಾ? ಹೇಳೋದು ಹೇಳಿದ್ರಿ, ಹೆಸ್ರು ಹೇಳಕ್ಕೇನಾಗಿತ್ತು ನಿಮಗೆ?"

ಅಜ್ಜಿ ಮೊದಲು ನಕ್ಕಳು, ಆಮೇಲೆ ಎಲ್ಲರೂ. ಕೀರ್ತನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು, ಅವಳ ಭುಜ ಅಲುಗುತ್ತಿತ್ತು. ನಗುವೋ ಅಳುವೋ ಭೈರೇಶನಿಗೆ ತಿಳಿಯಲಿಲ್ಲ, ಕನ್ನಡಕ ಇನ್ನೂ ಜೇಬಿನಲ್ಲಿತ್ತು.

"ರಮ್ಯ" ಎಂದ ಅವನು ಫೋನಿಗೆ. "ಇಲ್ಲೇ ಇದಾಳೆ. ಮಾತಾಡ್ತೀಯಾ?"

ಆ ಕಡೆ ಕುಕ್ಕರಿನ ಒಂದು ಸೀಟಿ ಉದ್ದಕ್ಕೆ ಕೂಗಿ ನಿಂತಿತು. ರಮ್ಯ ಫ್ಲಾಸ್ಕನ್ನು ಕೆಳಗಿಟ್ಟು, ಒದ್ದೆ ಕೈಯನ್ನು ಕುರ್ತಾಗೆ ಒರೆಸಿ ಒರೆಸಿ ಕಾಯುತ್ತಿದ್ದಳು.

"ಕೊಡಿ" ಎಂದಳು ಜಯದೇವಿ.